ಪಾಯ ಅಗೆಯದೆ ಇಟ್ಟ ಮನೆ

ಸುನಂದಮ್ಮನವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು, ನಾವು ಜಗಳವಾಡಿದರೆ ಅವರಿಗೆ ಪೂರ್ತಿ ಕಥೆ ಗೊತ್ತಾಗುತ್ತಿತ್ತು. ಒಂದೂವರೆ ವರ್ಷದ ಹಿಂದೆ, ಶ್ರಾವಣದ ಜಡಿಮಳೆಗೆ, ಅವರ ಹಿತ್ತಲ ಕಡೆಯ ಗೋಡೆ ಕುಸಿದು ಬಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಪಂಚಾಯಿತಿಯವರು ಬಂದು ನೋಡಿ, ಉಳಿದ ಗೋಡೆಗಳೂ ಬಿರುಕು ಬಿಟ್ಟಿವೆ, ಇನ್ನು ಇಲ್ಲಿ ಮಲಗಬೇಡಿ ಎಂದು ಹೇಳಿ ಹೋದರು. ಪಿರಿಯಾಪಟ್ಟಣದ ಸುತ್ತಮುತ್ತ ಇಂಥ ಮನೆಯಿಲ್ಲದ ಬೀದಿ ಯಾವುದಿದೆ ಹೇಳಿ.

ಸುನಂದಮ್ಮ, ಮಗ ಶರತ್, ಸೊಸೆ ಪದ್ಮಶ್ರೀ ಮೂವರೂ ಪಾತ್ರೆ ಪಗಡ ಹೊತ್ತುಕೊಂಡು ಹೊಲಕ್ಕೆ ಹೋದರು. ಅಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ, ಅದರ ಪಕ್ಕದಲ್ಲಿ ಸೊಪ್ಪು ವಿಂಗಡಿಸುವ ಶೆಡ್ಡು ಇದೆ. ಆ ಶೆಡ್ಡಿನಲ್ಲೇ ಸಂಸಾರ. ಸೊಪ್ಪಿನ ಧೂಳು, ಬ್ಯಾರನ್ನಿನ ಕಾವು, ಮೇಲೆ ತಗಡು. ಪದ್ಮಶ್ರೀಗೆ ಆಗ ಐದು ತಿಂಗಳು. ಅನ್ನದ ಜೊತೆಯಲ್ಲೂ ಹೊಗೆಸೊಪ್ಪಿನ ವಾಸನೆ ಬರುತ್ತದೆಂದು ಆ ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಹೆರಿಗೆಗೆ ಕೆ.ಆರ್. ನಗರದ ಕಡೆಯ ತವರಿಗೆ ಹೊರಟಾಗ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು.

"ನಂಗೆ ಒಡವೆ ಬೇಡ, ಸೀರೆ ಬೇಡ. ಕೂಸು ಎತ್ಕೊಂಡು ಬರೋವಾಗ ಒಂದು ಮನೆ ಇರ್ಲಿ. ಈ ಶೆಡ್ಡಿಗೆ ಮಾತ್ರ ನಾನು ಕೂಸ ಕರ್ಕೊಂಡು ಬರಕಿಲ್ಲ."

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅತ್ತೆಯೂ ಹಾಗೇ ಅಂದರು. ಸುನಂದಮ್ಮನವರ ಯಜಮಾನರು ಚಿಕ್ಕಣ್ಣ ಆ ವರ್ಷದ ಶಿವರಾತ್ರಿ ಆಗಿ ಒಂದು ವಾರಕ್ಕೆ ತೀರಿಕೊಂಡಿದ್ದರು. ಹೋದವರೇ ಮೊಮ್ಮಗುವಾಗಿ ಬರುತ್ತಾರೆ ಎಂದು ಸುನಂದಮ್ಮ ನಂಬಿಕೊಂಡಿದ್ದರು. ಆ ಮಗು ಅಂಗಳದಲ್ಲಿ ಅಂಬೆಗಾಲಿಡುವುದನ್ನು ನೋಡಬೇಕು, ಅಷ್ಟೇ ಅವರ ಆಸೆ.

ಶರತ್ ಫೋನಿನಲ್ಲಿ ಒಂದು ಹೊಸ ತರಹದ ಮನೆ ನೋಡಿಕೊಂಡು ಬಂದ. ರೆಡಿಮೇಡ್ ಮನೆ. ಗೋಡೆ, ಮಾಡು, ಕಿಟಕಿ, ಬಾಗಿಲು ಎಲ್ಲ ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತದೆ, ಕ್ರೇನು ಇಳಿಸಿ ಕೂರಿಸುತ್ತದೆ. ಇಟ್ಟಿಗೆ ಕಟ್ಟಡಕ್ಕಿಂತ ಬೇಗ, ಗಾರೆಯವರ ಹಿಂದೆ ಅಲೆಯುವಂತಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಅವನೂ ಅಮ್ಮನ ಜೊತೆ ಬಂದು ಕೂತ. ಸಂಘಮಿತ್ರ ಬರುತ್ತಾಳೆಂದು ಗೊತ್ತಿತ್ತು. ಬ್ಯಾಂಕಿಗೂ ಸಂಘಗಳಿಗೂ ನಡುವೆ ಓಡಾಡುವ ಹುಡುಗಿ ಅವಳು. ಸಾಲದ ವಿಷಯ ಅವಳನ್ನು ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾಳೆ, ಮುಖ ನೋಡಿ ಮಣೆ ಹಾಕುವ ಜಾತಿಯಲ್ಲ.

"ಇಂಥಾ ಮನೆಗೆ ಸಾಲ ಕೊಡ್ತಾರಾ ಸಂಘಮಿತ್ರ?" ಎಂದು ಶರತ್ ಕೇಳಿದ.

"ಎಲ್ಲಾ ಬ್ಯಾಂಕೂ ಕೊಡಲ್ಲ. ಕೊಡೋ ಬ್ಯಾಂಕೂ ಮನೆಗಿಂತ ಮೊದ್ಲು ನೆಲ ನೋಡ್ತದೆ," ಎಂದಳು ಅವಳು. "ಕಡಿಮೆ ವರಮಾನದೋರು ಮೊದಲ್ನೇ ಮನೆ ಮಾಡ್ಕೊಳ್ಳೋವಾಗ ಸರಕಾರನೇ ಬ್ಯಾಂಕಿಗೆ ಖಾತರಿ ನಿಲ್ಲೋ ಯೋಜನೆ ಇರ್ತವೆ. ನೀವು ಕಟ್ಟದಿದ್ರೆ ಸರಕಾರ ಕಟ್ಕೊಡ್ತದೆ ಅನ್ನೋ ಧೈರ್ಯ ಬ್ಯಾಂಕಿಗೆ. ಅದಕ್ಕೇ ಅದರ ನಿಯಮ ಬಿಗಿ."

"ಏನೇನು ನಿಯಮ?"

"ಜಾಗ ಸಾಲ ತಗೊಳ್ಳೋರ ಹೆಸರಲ್ಲೇ ಇರ್ಬೇಕು. ನಿಮ್ಮ ಸಂಸಾರದಲ್ಲಿ ಯಾರ ಹೆಸರಲ್ಲೂ ಬೇರೆ ಪಕ್ಕಾ ಮನೆ ಇರ್ಬಾರ್ದು. ಆ ಮನೇಲಿ ನೀವೇ ವಾಸ ಇರ್ಬೇಕು, ಬಾಡಿಗೆಗೆ ಕೊಡೋಂಗಿಲ್ಲ. ಕಾರ್ಖಾನೆಯೋರು ಮನೆ ಗಟ್ಟಿಯಾಗಿದೆ ಅಂತ ಎಂಜಿನಿಯರ್ ಸಹಿ ಹಾಕಿರೋ ಪತ್ರ ಕೊಡ್ಬೇಕು. ಇನ್ನೊಂದು ಮುಖ್ಯ. ಪಾಯ ತೆಗೆದು, ಕಾಂಕ್ರೀಟ್ ಹಾಕಿ, ಮನೇನ ಅದಕ್ಕೆ ಬಿಗಿದು ಕೂರಿಸ್ಬೇಕು. ನೆಲದ ಜೊತೆ ಒಂದಾದ್ರೇನೇ ಅದನ್ನ ಅಡಮಾನ ಮಾಡ್ಕೋತಾರೆ. ಎತ್ಕೊಂಡು ಹೋಗೋ ಅಂಥಾದ್ದನ್ನ ಬ್ಯಾಂಕು ಮನೆ ಅನ್ನಲ್ಲ, ಸಾಮಾನು ಅಂತದೆ."

"ಹೊಲದಲ್ಲೇ ಬ್ಯಾರನ್ ಪಕ್ಕ ಇಡ್ಸಿದ್ರೆ?"

"ಬೇಸಾಯದ ಪಹಣಿ ಇರೋ ಜಾಗಕ್ಕೆ ಮನೆ ಸಾಲ ಆಗೋದು ಕಷ್ಟ ಶರತಣ್ಣ. ಊರೊಳಗೆ ನಿಮ್ಮ ಹಳೇ ಮನೆ ಜಾಗಕ್ಕೆ ಪಂಚಾಯ್ತಿ ಖಾತೆ ಅದೆಯಲ್ಲ, ಅದೇ ಸರಿ. ಅದು ಯಾರ ಹೆಸರಲ್ಲಿ ಅದೆ?"

ಶರತ್ ಅಮ್ಮನ ಮುಖ ನೋಡಿದ. ಸುನಂದಮ್ಮ ಸೆರಗು ಸರಿಮಾಡಿಕೊಂಡರು.

"ಯಜಮಾನ್ರ ಹೆಸ್ರಲ್ಲೇ ಐತೆ ಕಣವ್ವ. ಅವ್ರು ಓಗಿ ಇನ್ನೂ ಆರು ತಿಂಗ್ಳು. ವರ್ಸ ತುಂಬದೆ ಅವ್ರ ಹೆಸ್ರು ಅಳಿಸಿ ಬುಟ್ರೆ ಜನ ಏನಂದಾರು. ಪಾಯದ ಮಾತಂತೂ ಎತ್ತಲೇಬ್ಯಾಡ. ಸಾವಾದ ಮನೇಲಿ ವರ್ಸ ತುಂಬಾಗಂಟ ಪಾಯಕ್ಕೆ ಗುದ್ಲಿ ಹಾಕಂಗಿಲ್ಲ. ನಮ್ಮತ್ತೆ ಕಾಲದಿಂದ್ಲೂ ಅಂಗೇ."

"ಖಾತೆ ಮಾಡಿಸೋದು ಅಂದ್ರೆ ಅವರ ಹೆಸರು ಅಳಿಸೋದಲ್ಲ ಸುನಂದಕ್ಕ. ಅವರು ಬಿಟ್ಟು ಹೋಗಿದ್ದನ್ನ ನೀವು ಹುಷಾರಾಗಿ ಇಟ್ಕೊಳ್ಳೋದು. ಹೆಂಗಸ್ರ ಹೆಸರಲ್ಲಿದ್ರೆ ಎಷ್ಟೋ ಯೋಜನೇಲಿ ಅನುಕೂಲನೂ ಜಾಸ್ತಿ."

"ಅದೆಲ್ಲ ವರ್ಸದ ಎಡೆ ಆದ್ಮೇಲೆ ನೋಡನ."

"ಈ ಸತಿ ಹೊಲ ಉಳಲಿಲ್ವಾ? ಅದೂ ಭೂಮಿನೇ ಅಲ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಯಾರೋ ಏನು, ನಾನೇ ಕೇಳಿದ್ದು.

"ಉಳೋದು ಬ್ಯಾರೆ, ಪಾಯ ಬ್ಯಾರೆ," ಎಂದು ಸುನಂದಮ್ಮ ನನ್ನ ಬಾಯಿ ಮುಚ್ಚಿಸಿದರು.

ಸಂಘಮಿತ್ರ ನಗಲಿಲ್ಲ. ನಮ್ಮ ನಂಬಿಕೆಯನ್ನು ಆಡಿಕೊಳ್ಳುವವಳಲ್ಲ ಅವಳು. "ವರ್ಷ ಕಾಯೋದಾದ್ರೆ ಕಾಯಿರಿ ಅಕ್ಕ, ಅದ್ರಲ್ಲಿ ತಪ್ಪೇನಿಲ್ಲ. ಸೊಸೆ ಬಾಣಂತನ ಮುಗಿಸಿ ಬರೋ ಹೊತ್ತಿಗೆ ಯುಗಾದಿ ಕಳೆದಿರ್ತದೆ. ಶಿವರಾತ್ರಿ ಆದ್ಮೇಲೆ ಪಾಯ ಹಾಕಿದ್ರೂ ಮನೆ ಆಗ್ತದೆ. ಅಲ್ಲೀಗಂಟ ಖಾತೆ ಕೆಲಸ ಮುಗಿಸ್ಕೊಳ್ಳಿ. ಬ್ಯಾಂಕಿನೋರು ಜಾಗ ನೋಡಿ ಒಪ್ಪೋಗಂಟ ಮನೆ ಮಾತ್ರ ತರಿಸಬೇಡಿ," ಎಂದು ಹೇಳಿ ಎದ್ದಳು.

ಇಷ್ಟು ಬಿಡಿಸಿ ಹೇಳಿದ್ದಳು. ಅವತ್ತು ಅಲ್ಲಿ ಕೂತಿದ್ದವರೆಲ್ಲ ಕೇಳಿಸಿಕೊಂಡಿದ್ದೇವೆ.

ಶರತ್ ಒಳ್ಳೆಯ ಹುಡುಗ, ಆದರೆ ಅವನಿಗೆ ಕಾಯುವುದು ಆಗದು. ಹೆಂಡತಿಗೆ ಮಾತು ಕೊಟ್ಟಿದ್ದಾನೆ, ಅಮ್ಮನ ಮಾತು ಮೀರುವಂತಿಲ್ಲ. ಎರಡರ ನಡುವೆ ಒದ್ದಾಡಿ, ಹರಾಜಿನಲ್ಲಿ ಸೊಪ್ಪಿನ ದುಡ್ಡು ಕೈಗೆ ಬಂದ ಕೂಡಲೇ ರೆಡಿಮೇಡ್ ಮನೆಯ ಕಂಪನಿಗೆ ಹೋದ. ಅಲ್ಲಿ ಕೂತಿದ್ದವನು ಅವನ ಕಷ್ಟ ಪೂರ್ತಿ ಕೇಳಿಕೊಂಡು, "ಪಾಯ ಯಾಕೆ ಸಾರ್? ನಮ್ಮ ಮನೆಗೆ ನೆಲ ಮುಟ್ಟೋದೇ ಬೇಡ. ಸಿಮೆಂಟ್ ಬ್ಲಾಕ್ ಇಟ್ಟು ಮೇಲೆ ಕೂರಿಸಿಬಿಡ್ತೀವಿ. ಗುದ್ಲಿ ಹಾಕೋ ಪ್ರಶ್ನೆನೇ ಇಲ್ಲ," ಎಂದ.

"ಬ್ಯಾಂಕ್ ಸಾಲ?"

"ಆಗುತ್ತೆ ಸಾರ್, ಎಲ್ಲರಿಗೂ ಆಗ್ತಿದೆ."

ಅವನನ್ನು ಬೈದು ಏನು ಪ್ರಯೋಜನ. ಅವನು ಅಲ್ಲಿಯವರೆಗೆ ರೆಸಾರ್ಟುಗಳಿಗೆ, ರಸ್ತೆ ಕಾಮಗಾರಿಯ ಆಫೀಸುಗಳಿಗೆ ಮಾರುತ್ತಿದ್ದವನು. ಮನೆ ಸಾಲದ ವಿಷಯ ಅವನಿಗೆ ಎಷ್ಟು ಗೊತ್ತಿತ್ತೋ. ಸಾಲದ ವಿಷಯವನ್ನು ಸಾಲ ಕೊಡುವವರ ಹತ್ತಿರ ಕೇಳಬೇಕು, ಮಾರುವವರ ಹತ್ತಿರ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ. ಶರತ್ ಅರ್ಧ ದುಡ್ಡು ಮುಂಗಡ ಕೊಟ್ಟು ಬಂದ. ಉಳಿದದ್ದು ಸಾಲ ಬಂದ ಮೇಲೆ. ಪೂರ್ತಿ ದುಡ್ಡು ಬರುವವರೆಗೆ ಮನೆ ಕಂಪನಿಯದೇ ಎಂದು ಕರಾರು.

ಸುನಂದಮ್ಮನಿಗೆ ಹೇಳಿದಾಗ ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

"ನೋಡವ್ವ, ದೇವ್ರು ದಾರಿ ತೋರ್ಸುದ. ಪಾಯನೂ ಅಗೆಯಂಗಿಲ್ಲ, ಮನೆನೂ ಆಯ್ತದೆ. ಅವ್ರ ಆತ್ಮಕ್ಕೂ ಬ್ಯಾಸ್ರ ಇಲ್ಲ," ಎಂದು ನನ್ನ ಕೈ ಹಿಡಿದುಕೊಂಡರು.

ನಾನು ಸಂಘಮಿತ್ರಳನ್ನು ಒಂದು ಮಾತು ಕೇಳಿ ಎಂದೆ. "ಅವ್ಳು ಮತ್ತೆ ಪಾಯ ಅಂತಾಳೆ," ಎಂದು ಸುನಂದಮ್ಮ ಮಾತು ತೇಲಿಸಿದರು.

ನಮ್ಮ ಕಡೆಯ ಗೋಡೆ ಒಂದನ್ನು ಬಿಟ್ಟು ಹಳೆಯ ಗೋಡೆಗಳನ್ನು ಕೆಡವಿ ಜಾಗ ಹಸನು ಮಾಡಿದರು. ಕಾರ್ತಿಕದಲ್ಲಿ ಮನೆ ಬಂತು. ಊರಿಗೂರೇ ನಿಂತು ನೋಡಿತು. ನಮ್ಮ ಬೀದಿಯಲ್ಲಿ ಲಾರಿ ತಿರುಗಿಸಲು ಆಗದೆ ಡ್ರೈವರ್ ಬೆವರು ಸುರಿಸಿದ. ಬಿಳಿ ಗೋಡೆ, ನೀಲಿ ಮಾಡು, ದೊಡ್ಡ ಕಿಟಕಿ. ಒಳಗೆ ಎರಡು ಕೋಣೆ, ಅಡುಗೆಮನೆ, ಕಕ್ಕಸು. ಸಂಜೆಯ ಹೊತ್ತಿಗೆ ಎಲ್ಲ ಕೂತಾಗಿತ್ತು. ವರ್ಷ ತುಂಬದ್ದರಿಂದ ಗೃಹಪ್ರವೇಶ ಮಾಡಲಿಲ್ಲ, ಹಾಲು ಉಕ್ಕಿಸಲಿಲ್ಲ. ಸುಮ್ಮನೆ ಒಳಗೆ ಹೋಗಿ ಚಿಕ್ಕಣ್ಣನವರ ಫೋಟೋ ಇಟ್ಟು ದೀಪ ಹಚ್ಚಿದರು. ಶರತ್ ಫೋನಿನಲ್ಲಿ ಪದ್ಮಶ್ರೀಗೆ ಒಂದೊಂದು ಕೋಣೆಯನ್ನೂ ತೋರಿಸಿದ. ತೊಟ್ಟಿಲು ಎಲ್ಲಿ ಕಟ್ಟಬೇಕೆಂದು ಗಂಡ ಹೆಂಡತಿ ಅಷ್ಟು ಹೊತ್ತು ಮಾತಾಡಿದರು. ಅತ್ತೆ ಕಿಟಕಿಯ ಪಕ್ಕ ಅಂದರು, ಸೊಸೆ ಗಾಳಿ ಹೊಡೆಯುತ್ತದೆ ಅಂದಳು.

ಆ ಕೆಲವು ವಾರ ಸುನಂದಮ್ಮನಷ್ಟು ಸುಖವಾಗಿದ್ದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಮಾರ್ಗಶಿರದಲ್ಲಿ ಹೆಣ್ಣು ಮಗು ಹುಟ್ಟಿತು. ಕೆ.ಆರ್. ನಗರಕ್ಕೆ ಹೋಗಿ ನೋಡಿಕೊಂಡು ಬಂದು, "ಕಣ್ಣು ಪೂರಾ ತಾತುಂದೇ," ಎಂದು ಕಂಡಕಂಡವರಿಗೆ ಹೇಳಿದರು.

ಅದಾದ ಮೇಲೆ, ಶರತ್ ಸಾಲಕ್ಕೆ ಅರ್ಜಿ ಹಾಕಿದ್ದರಿಂದ ಬ್ಯಾಂಕಿನ ಎಂಜಿನಿಯರಮ್ಮ ಮನೆ ನೋಡಲು ಬಂದರು. ಮರ್ಯಾದಸ್ಥ ಹೆಂಗಸು, ಸುನಂದಮ್ಮ ಕೊಟ್ಟ ಕಾಫಿ ಕುಡಿದರು. ಮನೆ ಚೆನ್ನಾಗಿದೆ ಅಂದರು. ಆಮೇಲೆ ಹೊರಗೆ ಬಂದು ಬಗ್ಗಿ ನೋಡಿದರು. ಮನೆಯ ಅಡಿಯಿಂದ ನಮ್ಮ ಹ್ಯಾಟೆ ಕೋಳಿ ಮರಿಗಳನ್ನು ಕರೆದುಕೊಂಡು ಈಚೆ ಬಂತು.

"ಇದನ್ನ ನೆಲಕ್ಕೆ ಎಲ್ಲಿ ಬಿಗಿದಿದ್ದೀರಿ?" ಎಂದು ಅವರು ಕೇಳಿದರು.

"ಬಿಗಿದಿಲ್ಲ ಮೇಡಂ. ಬ್ಲಾಕ್ ಮೇಲೆ ಕೂತದೆ. ಬಾಳ ತೂಕ, ಅಲ್ಲಾಡಕಿಲ್ಲ," ಎಂದ ಶರತ್.

"ತೂಕದ ಪ್ರಶ್ನೆ ಅಲ್ಲಪ್ಪ. ಪಾಯ ಇಲ್ಲದಿದ್ರೆ ಇದು ಸ್ಥಿರಾಸ್ತಿ ಆಗಲ್ಲ. ನಾನು ಇದನ್ನ ಮನೆ ಅಂತ ಬರೆಯೋಕೆ ಆಗಲ್ಲ. ಜಾಗ ಯಾರ ಹೆಸರಲ್ಲಿದೆ?"

"ನಮ್ಮಪ್ಪನ ಹೆಸ್ರಲ್ಲಿ."

"ಅವರನ್ನ ಕರೀರಿ."

ಸುನಂದಮ್ಮ ಒಳಗೆ ತಿರುಗಿ ಫೋಟೋ ಕಡೆ ನೋಡಿದರು. ಎಂಜಿನಿಯರಮ್ಮನಿಗೆ ಅರ್ಥವಾಯಿತು, ಪೆನ್ನು ಮುಚ್ಚಿದರು.

"ಈಗ ಬೋಲ್ಟ್ ಹೊಡಿಸಿದ್ರೆ ಆಗಕಿಲ್ವಾ ಮೇಡಂ?" ಎಂದು ಶರತ್ ಕೇಳಿದ.

"ಬ್ಲಾಕಿಗೆ ಬೋಲ್ಟ್ ಹೊಡೆದ್ರೆ ಏನು ಬಂತು. ಮನೆ ಎತ್ತಿಸಿ, ಪಾಯ ಹಾಕಿ, ಮತ್ತೆ ಕೂರಿಸಬೇಕು. ಮೊದಲು ಖಾತೆ ಆಗ್ಬೇಕು. ನೀವು ತರಿಸೋಕೆ ಮುಂಚೆ ನಮ್ಮನ್ನ ಕರೆದಿದ್ರೆ ಅವತ್ತೇ ಹೇಳ್ತಿದ್ದೆ," ಎಂದು ಅವರು ನಿಜವಾಗಿಯೂ ಬೇಸರದಿಂದ ಹೇಳಿದರು.

ಸಾಲ ಆಗಲಿಲ್ಲ. ಕಂಪನಿಯವರು ಸಂಕ್ರಾಂತಿಯವರೆಗೆ ತಡೆದುಕೊಂಡರು. ಆಮೇಲೆ ಒಂದು ಬೆಳಿಗ್ಗೆ ಅದೇ ಲಾರಿ, ಅದೇ ಕ್ರೇನು ಬಂತು. ಸುನಂದಮ್ಮ ಅವರ ಮುಂದೆ ಕೈ ಮುಗಿದು ನಿಂತದ್ದನ್ನು ನೆನೆದರೆ ನನಗೆ ಇವತ್ತೂ ಸಂಕಟವಾಗುತ್ತದೆ.

"ಶಿವರಾತ್ರಿ ಗಂಟ ತಡಕಳ್ರಪ್ಪ. ವರ್ಸದ ಎಡೆ ಆಯ್ತಿದ್ದಂಗೆ ಪಾಯ ಹಾಕುಸ್ತೀವಿ, ಖಾತೆ ಮಾಡುಸ್ತೀವಿ. ನನ್ನ ಮೊಮ್ಮಗಳು ಬರ್ಬೇಕು ಕಣ್ರಪ್ಪ ಈ ಮನೆಗೆ."

"ನಾವು ಕೂಲಿಯೋರು ಕಣಮ್ಮ. ಅಂತರಸಂತೆ ಕಡೆ ರೆಸಾರ್ಟಿನೋರು ಕೇಳವ್ರೆ, ಅಲ್ಲಿಗೆ ಕಳ್ಸಿ ಅಂದವ್ರೆ," ಎಂದ ಲಾರಿಯವನು. ಅವನೂ ತಲೆ ತಗ್ಗಿಸಿದ್ದ.

ಕೂರಿಸಲು ಒಂದು ಇಡೀ ದಿನ ಹಿಡಿದಿತ್ತು, ಎತ್ತಲು ಅಷ್ಟೂ ಬೇಕಾಗಲಿಲ್ಲ. ಒಂದು ಗುದ್ದಲಿ, ಒಂದು ಹಾರೆಯ ಕೆಲಸವೂ ಇರಲಿಲ್ಲ. ನಾಲ್ಕು ಕೊಂಡಿ ಸಿಕ್ಕಿಸಿದರು, ಮನೆ ಮೇಲೆದ್ದಿತು. ಸುನಂದಮ್ಮ ಚಿಕ್ಕಣ್ಣನವರ ಫೋಟೋ ಎದೆಗವಚಿಕೊಂಡು ನಮ್ಮ ಜಗಲಿಯ ಮೇಲೆ ಕೂತಿದ್ದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನೀಲಿ ಮಾಡು ಕಾಣುತ್ತಿತ್ತು. ಮುಂಗಡದಲ್ಲಿ ಲಾರಿಯ ಬಾಡಿಗೆ, ಕ್ರೇನಿನ ಬಾಡಿಗೆ, ಅದು ಇದು ಮುರಿದುಕೊಂಡು ಮಿಕ್ಕಿದ್ದು ಕೊಟ್ಟರು. ಅದು ಶೆಡ್ಡಿಗೆ ಹೊಸ ತಗಡು ಹಾಕಿಸಲು ಸಾಕಾಯಿತು.

ಅದಾಗಿ ಒಂದು ತಿಂಗಳು ಚಿಲ್ಲರೆಗೆ ಚಿಕ್ಕಣ್ಣನವರ ವರ್ಷದ ಎಡೆ ಬಂತು. ಅಷ್ಟೇ ದಿನ ಕಾದಿದ್ದರೆ ಆಗುತ್ತಿತ್ತು. ನಂಬಿಕೆಯೂ ಉಳಿಯುತ್ತಿತ್ತು, ಮನೆಯೂ ಉಳಿಯುತ್ತಿತ್ತು. ಸಂಘಮಿತ್ರ ಹೇಳಿದ್ದು ಅದನ್ನೇ. ಎಡೆ ಇಟ್ಟು ಎಲ್ಲರೂ ಉಂಡೆದ್ದ ಮೇಲೆ ಸುನಂದಮ್ಮ ನನ್ನ ಹತ್ತಿರ ಬಂದು ಕೂತರು.

"ಅವ್ರಿಗೆ ಬ್ಯಾಸ್ರ ಆಗ್ಬಾರ್ದು ಅಂತ ಮಾಡ್ದೆ ಕಣವ್ವ. ಅವ್ರಿದ್ದಿದ್ರೆ ನಂಗೆ ಬೈಯ್ಯೋರು. ಬೇಲಿ ಗೂಟನಾದ್ರೂ ಮೊಳದುದ್ದ ಹೂಳದೆ ನಿಲ್ಸಿದೋರಲ್ಲ ಅವ್ರು. ನಾನು ಮನೇನ ನೆಲದ ಮ್ಯಾಲೆ ಇಟ್ಟು ಕೂತಿದ್ದೆ."

ಅವರ ಬೆನ್ನು ಸವರಿದೆ.

ಪದ್ಮಶ್ರೀಯ ತಾಯಿ ಮಗು ಕಳಿಸಲು ಒಪ್ಪಲಿಲ್ಲ. "ಸೊಪ್ಪಿನ ಧೂಳಲ್ಲಿ ಎಳೆ ಕೂಸ ಹೆಂಗ್ ಮಲಗಿಸ್ತೀರಾ? ಮನೆ ಆಗ್ಲಿ, ಕಳಿಸ್ತೀವಿ," ಎಂದರು. ಅದೂ ನ್ಯಾಯವೇ. ಜಗಳವಾಗಲಿಲ್ಲ, ಯಾರೂ ಯಾರನ್ನೂ ದೂರಲಿಲ್ಲ. ಆದರೆ ಮಗು ಕವುಚಿಕೊಂಡದ್ದು ಕೆ.ಆರ್. ನಗರದ ಕಡೆ, ಅಂಬೆಗಾಲಿಟ್ಟದ್ದು ಅಲ್ಲಿ, ಮೊದಲ ಹಲ್ಲು ಬಂದದ್ದು ಅಲ್ಲಿ. ಎಲ್ಲವನ್ನೂ ಸುನಂದಮ್ಮ ಮಗನ ಫೋನಿನಲ್ಲಿ ನೋಡಿದರು. ಅವರ ಹಳ್ಳಿಗೂ ನಮ್ಮ ಹಳ್ಳಿಗೂ ಎರಡು ಬಸ್ಸು ಬದಲಾಯಿಸಬೇಕು, ಮಂಡಿ ನೋವಿನ ಹೆಂಗಸು ಎಷ್ಟು ಸಲ ಹೋದಾರು.

ಈ ಸಲ ಸಂಘಮಿತ್ರ ಹೇಳಿದಂತೆಯೇ ಮಾಡಿದರು. ಖಾತೆ ಸುನಂದಮ್ಮನವರಿಗೂ ಶರತ್‌ಗೂ ಜಂಟಿಯಾಗಿ ಬಂತು. ಅದಕ್ಕೆ ಅಲೆದಾಟ ಆಯಿತು, ಮರಣಪತ್ರ, ವಂಶವೃಕ್ಷ ಎಲ್ಲ ಬೇಕಾಯಿತು, ಆದರೂ ಆಯಿತು. ಮಾರನೆಯ ವರ್ಷದ ಸೊಪ್ಪಿನ ಹರಾಜಿನವರೆಗೆ ಕಾದು ಕೈಯಿಂದ ಹಾಕಬೇಕಾದ ಪಾಲನ್ನು ಹೊಂದಿಸಿಕೊಂಡರು. ಮನೆಯ ನಕ್ಷೆ, ಕಾರ್ಖಾನೆಯ ಗಟ್ಟಿತನದ ಪತ್ರ, ವರಮಾನದ ಪತ್ರ ಇಟ್ಟು ಮೊದಲು ಬ್ಯಾಂಕಿಗೆ ಅರ್ಜಿ ಹಾಕಿದರು. ಅದೇ ಎಂಜಿನಿಯರಮ್ಮ ಖಾಲಿ ಜಾಗ ನೋಡಿ, ಪಾಯ ಎಷ್ಟು ಆಳ, ಬೋಲ್ಟು ಎಲ್ಲಿ ಎಂದು ಹೇಳಿ ಹೋದರು. ಸಾಲ ಮಂಜೂರಾಯಿತು. ಪಾಯದ ಪೂಜೆಗೆ ಹೋದ ತಿಂಗಳು ಒಳ್ಳೆಯ ದಿನ ನೋಡಿದರು.

ಅವತ್ತು ಪದ್ಮಶ್ರೀ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗುವಿಗೆ ವರ್ಷ ತುಂಬಿ ಆಗಿತ್ತು, ತಪ್ಪು ಹೆಜ್ಜೆ ಹಾಕಿ ನಡೆಯುತ್ತಿತ್ತು. ಸುನಂದಮ್ಮ ಹೊಸ ಗುಂಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿದರು.

"ಬಾ ಕಂದ, ಅಜ್ಜಿ ಹತ್ರ ಬಾ."

ಮಗು ನಿಂತು ನೋಡಿತು. ಅಜ್ಜಿ ಎಂಬ ಮಾತು ಅದಕ್ಕೆ ಗೊತ್ತಿತ್ತು. ಹಿಂದೆ ತಿರುಗಿ, ಜೊತೆಯಲ್ಲಿ ಬಂದಿದ್ದ ಇನ್ನೊಬ್ಬ ಅಜ್ಜಿಯ ಹತ್ತಿರ ಓಡಿಹೋಗಿ ಅವರ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು.

"ಹೊಸ ಮುಖ ಕಣತ್ತೆ, ಅದಕ್ಕೆ. ಎರಡು ದಿನಕ್ಕೆ ಹೊಂದ್ಕೋತಾಳೆ," ಎಂದಳು ಪದ್ಮಶ್ರೀ. ಹೇಳಿದವಳ ಕಣ್ಣಲ್ಲೂ ನೀರಿತ್ತು.

"ಇರ್ಲಿ ಬುಡವ್ವ," ಎಂದು ಸುನಂದಮ್ಮ ಚಾಚಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. "ನಾನೇ ಹೊಸಬಳಾದೆ."

ಮಾರನೆಯ ವಾರ ಸಂಘದಲ್ಲಿ ಅವರೇ ಎದ್ದು ನಿಂತು ಹೇಳಿದರು. "ಮನೆ ಈ ಯುಗಾದಿಗೆ ಆಯ್ತದೆ. ಮನೆ ಹೋದ್ರೆ ಮನೆ ಬತ್ತದೆ. ಆ ಕೂಸಿನ ಒಂದು ವರ್ಸ ನಂಗೆ ಇನ್ನು ಬರಕಿಲ್ಲ. ನಂಗಾದಂಗೆ ಇನ್ನೊಬ್ರಿಗೆ ಆಗ್ಬಾರ್ದು, ಬರ್ದು ಎಲ್ರಿಗೂ ಓದಿ ಹೇಳಿ." ಅದಕ್ಕೇ ಇದನ್ನು ಬರೆದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಯವರೇ ಆಗಿ, ರೆಡಿಮೇಡ್ ಮನೆಗೆ ಸರಕಾರದ ಖಾತರಿಯ ಸಾಲ ತೆಗೆದುಕೊಳ್ಳುವ ಆಸೆ ಇದ್ದರೆ ಮುಂಗಡ ಕೊಡುವ ಮೊದಲು ಬ್ಯಾಂಕಿಗೆ ಹೋಗಿ. ಯೋಜನೆಯಿಂದ ಯೋಜನೆಗೆ ನಿಯಮ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಈಗ ಏನಿದೆ ಎಂದು ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ ಬಾಯಿಬಿಟ್ಟು ಕೇಳಿ. ಹಿರಿಯರು ತೀರಿಕೊಂಡಿದ್ದರೆ ಅವರ ಜಾಗದ ಖಾತೆಯನ್ನು ಬದುಕಿರುವವರ ಹೆಸರಿಗೆ ಮಾಡಿಸಿಕೊಳ್ಳಿ, ಅದರಿಂದ ಹೋದವರಿಗೆ ಅವಮಾನವಾಗುವುದಿಲ್ಲ. ವರ್ಷ ಕಾಯಬೇಕು ಅನ್ನಿಸಿದರೆ ಕಾಯಿರಿ. ಆದರೆ ಪಾಯ ಹಾಕಿ ಬಿಗಿಯದ ಮನೆಯನ್ನು ಅವಸರಕ್ಕೆ ತಂದು ಇಡಿಸಬೇಡಿ. ಬಸುರಿ ಸೊಸೆಯನ್ನು ತವರಿಗೆ ಕಳಿಸಿ ಮೊಮ್ಮಗುವಿಗೆ ಕಾಯುತ್ತಿರುವ ಅಜ್ಜಿ ನಿಮ್ಮ ಬೀದಿಯಲ್ಲೂ ಇರಬಹುದು. ಇವತ್ತೇ ಅವರ ಮನೆಗೆ ಹೋಗಿ, ಇದನ್ನು ಓದಿ ಹೇಳಿ.